ಮೂರು ಗಂಟೆ ನಿಂತು ಕೇಳಿದವರು

೧೯೮೩ನೆಯ ಇಸವಿಯ ಜನವರಿ ತಿಂಗಳು. ನಮ್ಮ ವಿಧಾನಸಭೆಯ ಚುನಾವಣೆ ಮುಗಿದು ಮತಗಳ ಎಣಿಕೆ ನಡೆದಿತ್ತು. ನಾನಾಗ ಶಾಲೆಯ ಹುಡುಗ. ನಮ್ಮ ಬೀದಿಯ ರಾಯರೊಬ್ಬರು ಒಳಮನೆಯ ದೊಡ್ಡ ರೇಡಿಯೊವನ್ನು ಕಿಟಕಿಯ ಹತ್ತಿರ ತಂದಿರಿಸಿ, ತಾವು ಜಗುಲಿಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಎದುರು ಮನೆಯ ಗೌಡರು. ರಾಯರು ಕಾಂಗ್ರೆಸ್ಸಿನವರು; ಗೌಡರು ಜನತಾ ಪಕ್ಷದವರು. ಒಂದು ತಿಂಗಳಿನಿಂದ ಇಬ್ಬರಿಗೂ ದಿನ ಬೆಳಗಾದರೆ ವಾದ.

"ಏನು ರಾಯರೆ, ನಿಮ್ಮವರ ಗತಿ ಹೀಗಾಯಿತಲ್ಲ!"

"ಎಣಿಕೆ ಇನ್ನೂ ಮುಗಿದಿಲ್ಲ, ಗೌಡರೆ. ಕಾಫಿ ಆರಿಹೋಗುತ್ತದೆ, ಮೊದಲು ಕುಡಿಯಿರಿ."

ಎಣಿಕೆ ಮುಗಿದಾಗ ರಾಯರ ಪಕ್ಷ ಸೋತಿತ್ತು. ಗೌಡರು ಮಾರನೆಯ ದಿನವೂ ಅದೇ ಜಗುಲಿಗೆ ಬಂದು ಕುಳಿತರು. ನಾನು ಉಪಾಧ್ಯಾಯನಾದ ಮೇಲೆ ಹುಡುಗರಿಗೆ ಅಬ್ರಹಾಂ ಲಿಂಕನ್ನನ ಕಥೆಯನ್ನು ಹೇಳುವ ಪ್ರಸಂಗ ಬಂದಾಗಲೆಲ್ಲ ಈ ಇಬ್ಬರು ಹಿರಿಯರು ನೆನಪಿಗೆ ಬರುತ್ತಾರೆ. ಸಂಬಂಧವೇನೆಂದು ಕೇಳಬಹುದು. ಲಿಂಕನ್ ಅಧ್ಯಕ್ಷನಾದುದು, ಗುಲಾಮರನ್ನು ಬಿಡುಗಡೆ ಮಾಡಿದುದು ಎಲ್ಲ ಹುಡುಗರಿಗೂ ಗೊತ್ತು. ಅದಕ್ಕೆ ಮುಂಚೆ ಅವನು ಒಂದು ಚುನಾವಣೆಯಲ್ಲಿ ಸೋತದ್ದು ಅಷ್ಟಾಗಿ ಗೊತ್ತಿಲ್ಲ. ಆ ಸೋಲಿನ ಹಿಂದೆ ಏಳು ಊರುಗಳ ಜನರು ಬಿಸಿಲಲ್ಲಿ, ಚಳಿಗಾಳಿಯಲ್ಲಿ ನಿಂತು, ತಮ್ಮ ಪಕ್ಷದವನ ಮಾತನ್ನು ಕೇಳಿದಷ್ಟೇ ಹೊತ್ತು ಎದುರು ಪಕ್ಷದವನ ಮಾತನ್ನೂ ಕೇಳಿದ ಸಂಗತಿಯಿದೆ. ನನಗೆ ಆ ಇಬ್ಬರು ವಾಗ್ಮಿಗಳಿಗಿಂತ ಕೆಳಗೆ ನಿಂತವರ ಮೇಲೆಯೇ ಕುತೂಹಲ ಹೆಚ್ಚು.

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನಡುಭಾಗದಲ್ಲಿ ಇಲಿನಾಯ್ ಎಂಬ ಸಂಸ್ಥಾನವಿದೆ. ಉತ್ತರದಲ್ಲಿ ಷಿಕಾಗೊ ಪಟ್ಟಣ. ದಕ್ಷಿಣದ ತುದಿಯಲ್ಲಿ ಒಹಾಯೊ, ಮಿಸಿಸಿಪಿ ನದಿಗಳ ಸಂಗಮ. ನಡುವೆ ಕಣ್ಣು ಹಾಯುವಷ್ಟು ದೂರವೂ ಸಮತಟ್ಟಾದ ಬಯಲು, ಮುಸುಕಿನ ಜೋಳದ ಹೊಲಗಳು. ಸಂಸ್ಥಾನ ಒಂದೇ ಆದರೂ ಜನರ ಮನಸ್ಸು ಎರಡು. ಉತ್ತರ ಭಾಗಕ್ಕೆ ಬಂದು ನೆಲೆಸಿದವರಲ್ಲಿ ಗುಲಾಮಗಿರಿಯನ್ನು ಪಾಪವೆಂದು ಬಗೆದ ನ್ಯೂ ಇಂಗ್ಲೆಂಡಿನ ಕಡೆಯವರು ಬಹಳ. ದಕ್ಷಿಣದಲ್ಲಿ ನೆಲೆಸಿದವರು ಗುಲಾಮರನ್ನಿಟ್ಟುಕೊಂಡಿದ್ದ ಕೆಂಟಕಿ, ಟೆನೆಸಿಗಳ ಕಡೆಯಿಂದ ಬಂದವರು.

೧೮೫೮ರಲ್ಲಿ ಈ ಸಂಸ್ಥಾನದಿಂದ ರಾಷ್ಟ್ರದ ಸೆನೆಟ್ ಸಭೆಗೆ ಒಬ್ಬ ಸದಸ್ಯನನ್ನು ಆರಿಸಬೇಕಾಗಿತ್ತು. ಡೆಮೊಕ್ರಾಟಿಕ್ ಪಕ್ಷದಿಂದ ನಿಂತವನು ಸ್ಟೀಫನ್ ಡಗ್ಲಾಸ್. ೧೮೪೭ರಿಂದಲೂ ಸೆನೆಟಿನಲ್ಲಿದ್ದ, ದೇಶವೆಲ್ಲ ಬಲ್ಲ ಮುಖಂಡ. ಎತ್ತರ ಐದಡಿ ನಾಲ್ಕಂಗುಲ. ಕಂಠ ಮಾತ್ರ ಗುಡುಗು. ಜನರು ಅವನಿಗೆ 'ಪುಟ್ಟ ದೈತ್ಯ' ಎಂಬ ಅಡ್ಡಹೆಸರಿಟ್ಟಿದ್ದರು. ಹೊಸದಾಗಿ ಹುಟ್ಟಿದ ರಿಪಬ್ಲಿಕನ್ ಪಕ್ಷದಿಂದ ನಿಂತವನು ಸ್ಪ್ರಿಂಗ್‌ಫೀಲ್ಡಿನ ವಕೀಲ ಲಿಂಕನ್. ಆರಡಿ ನಾಲ್ಕಂಗುಲದ ಆಳು, ಧ್ವನಿ ಮಾತ್ರ ತೆಳುವು. ಆದರೆ ಆ ತೆಳು ಧ್ವನಿ ಗುಂಪಿನ ಕೊನೆಯವರೆಗೂ ಮುಟ್ಟುತ್ತಿದ್ದಿತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಆ ಕಾಲದಲ್ಲಿ ಸೆನೆಟಿಗೆ ಜನರು ನೇರವಾಗಿ ಮತ ಹಾಕುತ್ತಿರಲಿಲ್ಲ. ಜನರು ಸಂಸ್ಥಾನದ ಶಾಸನಸಭೆಗೆ ಪ್ರತಿನಿಧಿಗಳನ್ನು ಆರಿಸುವರು. ಆ ಪ್ರತಿನಿಧಿಗಳು ಸೆನೆಟರನನ್ನು ಆರಿಸುವರು. ನಮ್ಮ ರಾಜ್ಯಸಭೆಯ ಚುನಾವಣೆಯನ್ನು ನೆನೆದರೆ ತಿಳಿಯುತ್ತದೆ. ಈ ಪದ್ಧತಿ ಅಲ್ಲಿ ಬದಲಾದುದು ೧೯೧೩ರಲ್ಲಿ. ಆದ್ದರಿಂದ ಆ ಏಳು ಊರುಗಳಲ್ಲಿ ಕೇಳಲು ಬಂದ ರೈತನ ಮತಪತ್ರದಲ್ಲಿ ಲಿಂಕನ್ನನ ಹೆಸರೂ ಇರಲಿಲ್ಲ, ಡಗ್ಲಾಸನ ಹೆಸರೂ ಇರಲಿಲ್ಲ. ಆದರೂ ಬಂದನು.

ವಿವಾದದ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಪಶ್ಚಿಮದಲ್ಲಿ ಹೊಸದಾಗಿ ಜನವಸತಿಯಾಗುತ್ತಿದ್ದ ಪ್ರಾಂತಗಳಿಗೆ ಗುಲಾಮಗಿರಿಯನ್ನು ಬಿಡಬಹುದೆ, ಬಿಡಬಾರದೆ? ೧೮೨೦ರ ಒಪ್ಪಂದವೊಂದು ಉತ್ತರದ ಪ್ರಾಂತಗಳಲ್ಲಿ ಕೂಡದೆಂದು ಗೆರೆ ಹಾಕಿತ್ತು. ೧೮೫೪ರಲ್ಲಿ ಡಗ್ಲಾಸನೇ ಮುಂದೆ ನಿಂತು ತಂದ ಶಾಸನ ಆ ಗೆರೆಯನ್ನು ಅಳಿಸಿತು. ಅಲ್ಲಲ್ಲಿ ನೆಲೆಸಿದ ಬಿಳಿಯರೇ ಬೇಕೊ ಬೇಡವೊ ಎಂಬುದನ್ನು ತೀರ್ಮಾನಿಸಿಕೊಳ್ಳಲಿ ಎಂಬುದು ಅವನ ಪಕ್ಷ. ಈಗ ಇರುವೆಡೆ ಗುಲಾಮಗಿರಿಯನ್ನು ಮುಟ್ಟಲಾಗದಿದ್ದರೂ ಅದು ಅನ್ಯಾಯವೆಂಬುದನ್ನು ಒಪ್ಪಿ, ಹೊಸ ನೆಲಕ್ಕೆ ಕಾಲಿಡದಂತೆ ತಡೆಯಬೇಕೆಂಬುದು ಲಿಂಕನ್ನನ ಪಕ್ಷ. ಕ್ಯಾನ್ಸಸ್ ಪ್ರಾಂತದಲ್ಲಿ ಇದೇ ಪ್ರಶ್ನೆಗೆ ಜನರು ಬಂದೂಕು ಹಿಡಿದು ಒಬ್ಬರನ್ನೊಬ್ಬರು ಕೊಂದಿದ್ದರು. ಅಷ್ಟೇಕೆ, ೧೮೫೬ರ ಮೇ ತಿಂಗಳಲ್ಲಿ ಸೆನೆಟಿನ ಒಳಗೇ ದಕ್ಷಿಣದ ಪ್ರತಿನಿಧಿಯೊಬ್ಬನು ಬಂದು, ಗುಲಾಮಗಿರಿಯ ವಿರುದ್ಧ ಮಾತನಾಡಿದ್ದ ಚಾರ್ಲ್ಸ್ ಸಮ್ನರನನ್ನು ಊರುಗೋಲಿನಿಂದ ಪ್ರಜ್ಞೆ ತಪ್ಪುವಂತೆ ಬಡಿದಿದ್ದನು. ಸಮ್ನರನು ಮತ್ತೆ ಪೂರ್ಣವಾಗಿ ಕೆಲಸಕ್ಕೆ ಬರುವುದಕ್ಕೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ವಿದ್ಯಾವಂತರಾದ ಶಾಸನಕರ್ತರ ನಡತೆ ಹೀಗಿರಲು, ಇಲಿನಾಯಿನ ಒಕ್ಕಲಿಗರಿಂದ ಏನನ್ನು ನಿರೀಕ್ಷಿಸಬಹುದಾಗಿತ್ತು?

ಆ ವರ್ಷದ ಬೇಸಗೆಯಲ್ಲಿ ಡಗ್ಲಾಸನು ಭಾಷಣ ಮಾಡಿದ ಊರಿಗೆ ಬೆನ್ನಹಿಂದೆಯೇ ಹೋಗಿ ಲಿಂಕನ್ ಉತ್ತರ ಹೇಳುತ್ತಿದ್ದನು. ಇವನಿಗೆ ಸ್ವಂತವಾಗಿ ಜನ ಸೇರುವುದಿಲ್ಲ, ಅವನ ಜನವನ್ನು ಎರವಲು ತೆಗೆದುಕೊಳ್ಳುತ್ತಾನೆ ಎಂದು ಎದುರು ಪಕ್ಷದ ಪತ್ರಿಕೆಗಳು ಹಾಸ್ಯ ಮಾಡಿದವು. ಜುಲೈ ೨೪ರಂದು ಲಿಂಕನ್ ಡಗ್ಲಾಸನಿಗೆ ಪತ್ರ ಬರೆದು, ಒಂದೇ ವೇದಿಕೆಯಲ್ಲಿ ಇಬ್ಬರೂ ಮಾತನಾಡೋಣವೆಂದು ಕರೆದನು. ಹೆಸರಾಂತವನಾದ ಡಗ್ಲಾಸನಿಗೆ ಇದರಿಂದ ಲಾಭವೇನೂ ಇರಲಿಲ್ಲ, ಆದರೂ ಒಪ್ಪಿದನು. ಆ ಸಂಸ್ಥಾನದಲ್ಲಿದ್ದ ಒಂಬತ್ತು ಚುನಾವಣಾ ಕ್ಷೇತ್ರಗಳಲ್ಲಿ ಎರಡು ಕಡೆ ಇಬ್ಬರ ಭಾಷಣಗಳೂ ಆಗಲೇ ಆಗಿದ್ದವು, ಉಳಿದುವು ಏಳು. ಏಳು ಕ್ಷೇತ್ರಕ್ಕೆ ಏಳು ಊರು. ಮೊದಲು ಮಾತನಾಡುವವನಿಗೆ ಒಂದು ಗಂಟೆ. ಎರಡನೆಯವನಿಗೆ ಒಂದೂವರೆ ಗಂಟೆ. ಮತ್ತೆ ಮೊದಲನೆಯವನಿಗೆ ಅರ್ಧ ಗಂಟೆ. ಒಟ್ಟು ಮೂರು ಗಂಟೆ, ಇಬ್ಬರಿಗೂ ಸಮಪಾಲು. ಮೊದಲು ಏಳುವ ಅವಕಾಶ ಡಗ್ಲಾಸನಿಗೆ ನಾಲ್ಕು ಸಲ, ಲಿಂಕನ್ನನಿಗೆ ಮೂರು ಸಲ.

ಮೊದಲನೆಯ ಸಭೆ ಆಗಸ್ಟ್ ೨೧ರಂದು ಆಟವಾ ಎಂಬ ಊರಿನಲ್ಲಿ. ಸುಡುವ ಬಿಸಿಲು. ಬಂಡಿಗಳಲ್ಲಿ, ಕುದುರೆಯ ಮೇಲೆ, ಕಾಲುವೆಯ ದೋಣಿಗಳಲ್ಲಿ, ರೈಲಿನಲ್ಲಿ ಜನ ಬಂದರು. ಹಿಂದಿನ ರಾತ್ರಿಯೇ ಬಂದು ಬಯಲಲ್ಲಿ ಬೆಂಕಿ ಹಾಕಿಕೊಂಡು ಮಲಗಿದವರೂ ಇದ್ದರು. ಸೇರಿದವರು ಹತ್ತು ಸಾವಿರಕ್ಕೆ ಕಡಿಮೆಯಿಲ್ಲವೆಂದು ಅಂದಾಜು. ಊರಿನ ಒಟ್ಟು ಜನಸಂಖ್ಯೆ ಅಷ್ಟಿರಲಿಲ್ಲ. ಕುಳಿತುಕೊಳ್ಳಲು ಏರ್ಪಾಡಿಲ್ಲ, ನೆರಳಿಲ್ಲ. ವೇದಿಕೆಯ ಮೇಲೆ ಹಾಕಿದ್ದ ಹಲಗೆಯ ಮಾಡಿನ ಮೇಲೆ ಹತ್ತಿ ಕುಳಿತ ಕೆಲವರು, ಹಲಗೆ ಮುರಿದು, ಕೆಳಗೆ ಕುಳಿತಿದ್ದ ಸ್ವಾಗತ ಸಮಿತಿಯವರ ಮೇಲೆಯೇ ಬಿದ್ದರಂತೆ! ಧ್ವನಿವರ್ಧಕದ ಮಾತು ಆಗಿನ್ನೂ ಇಲ್ಲ. ಮನೆಯಲ್ಲಿ ಕುಳಿತು ರೇಡಿಯೊದ ಗುಬುಟನ್ನು ಸ್ವಲ್ಪ ತಿರುಗಿಸಿ ಸ್ವರವನ್ನು ಏರಿಸಿಕೊಳ್ಳುವ ನಾವು, ಹತ್ತು ಸಾವಿರ ಜನರ ಗುಂಪಿನ ಅಂಚಿನಲ್ಲಿ ನಿಂತು ಕಿವಿಯ ಹಿಂದೆ ಕೈಯಿಟ್ಟುಕೊಂಡವನ ಪಾಡನ್ನು ಊಹಿಸಿಕೊಳ್ಳಬೇಕು. ಅವನಿಗೆ ಕೇಳಿಸಬೇಕಾದರೆ ಪಕ್ಕದವನು ಸುಮ್ಮನಿರಬೇಕು. ಪಕ್ಕದವನು ಎದುರು ಪಕ್ಷದವನಾಗಿದ್ದರೂ ಅವನು ಸುಮ್ಮನಿರಬೇಕು.

ಸುಮ್ಮನಿದ್ದರೆ? ಇರಲಿಲ್ಲ. ಹಿಂದಿನವರನ್ನು ಹೊಗಳುವ ಚಪಲದಲ್ಲಿ ನಾವು ಸುಳ್ಳು ಹೇಳಬಾರದು. ಮಧ್ಯೆ ಮಧ್ಯೆ ಕೂಗುತ್ತಿದ್ದರು, ಗೇಲಿ ಮಾಡುತ್ತಿದ್ದರು, ಜಯಕಾರ ಹಾಕುತ್ತಿದ್ದರು. ಆಗಸ್ಟ್ ೨೭ರಂದು ಫ್ರೀಪೋರ್ಟಿನಲ್ಲಿ ಗುಂಪಿನಿಂದ ಹಣ್ಣಿನ ಸಿಪ್ಪೆಯೊಂದು ಹಾರಿ ಬಂದು ಡಗ್ಲಾಸನಿಗೆ ತಗುಲಿತೆಂದು ವರದಿಯಿದೆ. ಆ ಊರು ಲಿಂಕನ್ನನ ಪಕ್ಷದವರದು. ಲಿಂಕನ್ ಮಾತನಾಡುವಾಗ ನನ್ನ ಪಕ್ಷದವರಾರೂ ಅಡ್ಡ ಬಾಯಿ ಹಾಕಲಿಲ್ಲವಲ್ಲ ಎಂದು ಡಗ್ಲಾಸನು ಅಲ್ಲಿಯೇ ಸಿಡಿದನು. ಆದರೆ ಬಿಟ್ಟುಹೋಗಲಿಲ್ಲ, ತನ್ನ ಪಾಲಿನ ಹೊತ್ತನ್ನೆಲ್ಲ ಮಾತನಾಡಿಯೇ ಕುಳಿತನು. ಅಕ್ಟೋಬರ್ ೧೩ರಂದು ಕ್ವಿನ್ಸಿಯ ಸಭೆಯಲ್ಲಿ ಲಿಂಕನ್ ಮೊದಲು ಎದ್ದು, ನಾನು ಮಾತನಾಡುವಾಗಲೂ ನ್ಯಾಯಾಧೀಶ ಡಗ್ಲಾಸರು ಮಾತನಾಡುವಾಗಲೂ ನೀವು ಪೂರ್ತಿ ಮೌನವಾಗಿರುವುದೇ ನಮ್ಮಿಬ್ಬರಿಗೂ ಪ್ರಿಯ, ಈ ಒಂದು ವಿಷಯದಲ್ಲಿ ನಮಗೆ ಭಿನ್ನಾಭಿಪ್ರಾಯವಿರಲಾರದು ಎಂಬರ್ಥದ ಮಾತನ್ನಾಡಿದನು. ಡಗ್ಲಾಸನು ಎದ್ದಾಗ, ನನ್ನ ಮಿತ್ರರು ಚಪ್ಪಾಳೆಯನ್ನೂ ತಟ್ಟದಿದ್ದರೆ ಅದೇ ನನಗೆ ದೊಡ್ಡ ಉಪಕಾರವೆಂದನು. ಎದುರಾಳಿಯ ಬೆಂಬಲಿಗರನ್ನು ಸುಮ್ಮನಿರಿಸುವುದು ಯಾರೂ ಮಾಡುವ ಕೆಲಸ. ತನ್ನ ಬೆಂಬಲಿಗರನ್ನು ಸುಮ್ಮನಿರಿಸುವವನು ಅಪೂರ್ವ.

ಜನರು ವೇದಿಕೆಯನ್ನಷ್ಟೆ ನೋಡಲು ಬಂದಿರಲಿಲ್ಲ ಎನ್ನುವುದಕ್ಕೆ ಫ್ರೀಪೋರ್ಟಿನದೇ ಇನ್ನೊಂದು ಕಥೆಯಿದೆ. ಸಭೆ ಆರಂಭವಾಗುವ ಹೊತ್ತಿಗೆ ಪತ್ರಿಕೆಗಾಗಿ ಶೀಘ್ರಲಿಪಿಯಲ್ಲಿ ಬರೆದುಕೊಳ್ಳಬೇಕಾದ ರಾಬರ್ಟ್ ಹಿಟ್ ಎಂಬ ತರುಣ ಕಾಣಲಿಲ್ಲ. ಹಿಟ್ ಎಲ್ಲಿ ಎಂದು ಲಿಂಕನ್ ಕೇಳಿದನು. ಇಲ್ಲಿದ್ದೇನೆ, ಬರಲು ದಾರಿಯಿಲ್ಲ ಎಂದು ಗುಂಪಿನ ಅಂಚಿನಿಂದ ಧ್ವನಿ ಬಂದಿತು. ಜನರು ಆ ಹುಡುಗನನ್ನು ಎತ್ತಿ, ತಲೆಗಳ ಮೇಲಿಂದಲೇ ಕೈಯಿಂದ ಕೈಗೆ ದಾಟಿಸಿ ವೇದಿಕೆಗೆ ಮುಟ್ಟಿಸಿದರೆಂದು ಹೇಳುತ್ತಾರೆ. ಆಡಿದ ಮಾತು ಅಕ್ಷರವಾಗಿ ಉಳಿಯಬೇಕೆಂಬ ಆಸೆ ಆ ಕೈಗಳಿಗೆಲ್ಲ ಇದ್ದಿರಬೇಕು.

ಅಕ್ಷರವಾಗಿ ಉಳಿದದ್ದರ ಕಥೆ ಬೇರೆ. ಹಿಟ್ಟನದು ರಿಪಬ್ಲಿಕನ್ ಪಕ್ಷದ ಪತ್ರಿಕೆ, ಷಿಕಾಗೊದ 'ಪ್ರೆಸ್ ಅಂಡ್ ಟ್ರಿಬ್ಯೂನ್'. ಡೆಮೊಕ್ರಾಟರಿಗೆ 'ಟೈಮ್ಸ್' ಎಂಬ ಪತ್ರಿಕೆಯೂ ಅದರ ಶೀಘ್ರಲಿಪಿಕಾರರೂ ಬೇರೆ. ಒಂದೇ ಭಾಷಣ, ಎರಡು ಪತ್ರಿಕೆ. ತಮ್ಮವನ ಮಾತು ತಿದ್ದಿ ತೀಡಿ ಅಚ್ಚಾಗುತ್ತಿತ್ತು. ಎದುರಿನವನ ಮಾತು ಹರಿದು ಚಿಂದಿಯಾಗಿ ಬರುತ್ತಿತ್ತು. ಆಟವಾದಲ್ಲಿ ನಿಂತು ಕೇಳಿದ ನೆರೆಹೊರೆಯವರಿಬ್ಬರಿಗೆ ಒಂದೇ ಸಭೆಯ ನೆನಪಿರುತ್ತಿತ್ತು. ಮನೆಯಲ್ಲಿ ಕುಳಿತು ಎರಡು ಪತ್ರಿಕೆಗಳನ್ನು ಓದಿದ ಇಬ್ಬರಿಗೆ ಎರಡು ಸಭೆಗಳು. ಜಗಳ ಹತ್ತುವುದು ಎಲ್ಲಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ಶಾಸ್ತ್ರವಾದದ ಸಂಪ್ರದಾಯದಲ್ಲಿ ಮೊದಲು ಪೂರ್ವಪಕ್ಷವನ್ನು ಹೇಳಬೇಕು. ಎದುರಾಳಿಯ ಮತವನ್ನು ಅವನೇ 'ಹೌದು, ಇದೇ ನನ್ನ ಅಭಿಪ್ರಾಯ' ಎನ್ನುವಂತೆ ನಿರೂಪಿಸಿದ ಮೇಲೆ ಖಂಡನೆಗೆ ಕೈಹಾಕಬೇಕು. ನನ್ನ ಗುರುಗಳು ಈ ನಿಯಮ ತಪ್ಪಿದ ವಿದ್ಯಾರ್ಥಿಯನ್ನು ಕುಳ್ಳಿರಿಸಿಬಿಡುತ್ತಿದ್ದರು. ಆ ಅಳತೆಯಿಂದ ನೋಡಿದರೆ ಲಿಂಕನ್ ಡಗ್ಲಾಸರಿಬ್ಬರೂ ಅಷ್ಟಷ್ಟು ತಪ್ಪಿದವರೇ. ಲಿಂಕನ್ನನ ಪಕ್ಷದವರು ೧೮೫೪ರಲ್ಲಿ ಸ್ಪ್ರಿಂಗ್‌ಫೀಲ್ಡಿನಲ್ಲಿ ಅಂಗೀಕರಿಸಿದ ನಿರ್ಣಯಗಳೆಂದು ಡಗ್ಲಾಸನು ಆಟವಾದಲ್ಲಿ ಒಂದು ಕಾಗದವನ್ನು ಓದಿದನು. ಅವು ಸ್ಪ್ರಿಂಗ್‌ಫೀಲ್ಡಿನವಲ್ಲ, ಬೇರೆ ಊರಿನ ಸಭೆಯವು ಎಂದು ಸ್ವಲ್ಪದರಲ್ಲೇ ಹೊರಬಿದ್ದಿತು. ಲಿಂಕನ್ ಮುಂದಿನ ಸಭೆಗಳಲ್ಲಿ ಇದನ್ನು ಬಿಡದೆ ಎತ್ತಿ ಆಡಿದನು. ಆದರೆ ಮುಂದೆ ಅವನು ಮಾಡಿದ ಒಂದು ಕೆಲಸವನ್ನು ನನ್ನ ಗುರುಗಳು ಮೆಚ್ಚುತ್ತಿದ್ದರು. ಚುನಾವಣೆ ಮುಗಿದ ಮೇಲೆ ಈ ಭಾಷಣಗಳನ್ನು ಪತ್ರಿಕೆಗಳಿಂದ ಕತ್ತರಿಸಿ ಒಂದು ಪುಸ್ತಕಕ್ಕೆ ಅಂಟಿಸಿಕೊಂಡನು: ತನ್ನ ಭಾಷಣಗಳನ್ನು ತನ್ನ ಪಕ್ಷದ ಪತ್ರಿಕೆಯಿಂದ, ಡಗ್ಲಾಸನ ಭಾಷಣಗಳನ್ನು ಡಗ್ಲಾಸನ ಪಕ್ಷದ ಪತ್ರಿಕೆಯಿಂದ. ಅದೇ ೧೮೬೦ರಲ್ಲಿ ಒಹಾಯೊದ ಕೊಲಂಬಸ್ಸಿನಲ್ಲಿ ಅಚ್ಚಾಗಿ ಜನರ ಕೈ ಸೇರಿತು.

ರೇಡಿಯೊ ಮನೆಗಳವರಿಗೆ ರುಚಿಸುವ ಒಂದು ಮಾತನ್ನು ಇಲ್ಲಿ ಸೇರಿಸಬೇಕೆನಿಸುತ್ತದೆ. ನೂರೆರಡು ವರ್ಷಗಳ ತರುವಾಯ, ೧೯೬೦ರ ಸೆಪ್ಟೆಂಬರ್ ೨೬ರಂದು, ಅದೇ ಇಲಿನಾಯಿನ ಷಿಕಾಗೊದಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿಗಳಾದ ಕೆನೆಡಿ, ನಿಕ್ಸನ್ ಇವರ ಚರ್ಚೆ ನಡೆಯಿತು. ಕೆನೆಡಿ ಮಾತಿಗೆ ಆರಂಭಿಸಿದ್ದೇ ಲಿಂಕನ್ನನನ್ನು ನೆನೆದು. ಆದರೆ ಗಂಟೆಗಳ ಭಾಷಣ ಹೋಗಿ ಎಂಟು ನಿಮಿಷಗಳ ಪೀಠಿಕೆ ಬಂದಿತ್ತು. ಸುಮಾರು ಏಳು ಕೋಟಿ ಜನ ಟೆಲಿವಿಷನ್ನಿನಲ್ಲಿ ನೋಡಿದರು. ರೇಡಿಯೊದಲ್ಲಿ ಕೇಳಿದವರೂ ಇದ್ದರು. ಆಸ್ಪತ್ರೆಯಿಂದ ಬಂದು ಹೆಚ್ಚು ದಿನವಾಗಿರದ ನಿಕ್ಸನ್ ಕಣ್ಣಿಗೆ ಬಳಲಿದಂತೆ ಕಂಡನು. ನೋಡಿದವರು ಕೆನೆಡಿ ಗೆದ್ದನೆಂದೂ, ಕೇಳಿದವರು ನಿಕ್ಸನ್ ಗೆದ್ದನೆಂದೂ ಹೇಳಿದರೆಂಬ ಕಥೆ ಲೋಕವೆಲ್ಲ ಹರಡಿದೆ. ಆ ಕಥೆಗೆ ಮೂಲವಾದ ಸಮೀಕ್ಷೆಯಲ್ಲಿ ರೇಡಿಯೊ ಕೇಳಿದವರು ಮುನ್ನೂರಕ್ಕೂ ಕಡಿಮೆ. ಅಷ್ಟು ಸಣ್ಣ ತಳಹದಿಯ ಮೇಲೆ ಅಷ್ಟು ದೊಡ್ಡ ಮಾತನ್ನು ಕಟ್ಟಬಾರದೆಂದು ವಿದ್ವಾಂಸರು ೧೯೮೭ರಲ್ಲಿ ತೋರಿಸಿದರು. ರೇಡಿಯೊ ಅಭಿಮಾನಿಯಾದ ನನಗೆ ಇದನ್ನು ಬರೆಯಲು ಸ್ವಲ್ಪ ಸಂಕಟವೇ ಆಗುತ್ತದೆ!

ಮತ್ತೆ ೧೮೫೮ಕ್ಕೆ ಬರೋಣ. ಸೆಪ್ಟೆಂಬರ್ ೧೫ರಂದು ದಕ್ಷಿಣದ ಜೋನ್ಸ್‌ಬರೊದಲ್ಲಿ ಸೇರಿದವರು ಸುಮಾರು ಒಂದೂವರೆ ಸಾವಿರ ಮಾತ್ರ. ಅವರಲ್ಲಿ ಲಿಂಕನ್ನನ ಪಕ್ಷದವರನ್ನು ಬೆರಳಲ್ಲಿ ಎಣಿಸಬಹುದಾಗಿತ್ತು. ಆದರೂ ಅವನ ಒಂದೂವರೆ ಗಂಟೆಯನ್ನು ಅವನಿಗೆ ಕೊಟ್ಟರು. ಮೂರು ದಿನ ಕಳೆದು ಚಾರ್ಲ್ಸ್‌ಟನ್ನಿನಲ್ಲಿ ನಡೆದುದನ್ನು ನಾನು ತರಗತಿಯಲ್ಲಿ ಹೇಳುವಾಗ ಹುಡುಗರ ಮುಖ ಸಪ್ಪಗಾಗುತ್ತದೆ. ಕರಿಯರನ್ನು ಬಿಳಿಯರಿಗೆ ಸಮ ಮಾಡುತ್ತಾನೆಂದು ಡಗ್ಲಾಸನು ಹೊರಿಸಿದ ಆರೋಪಕ್ಕೆ ಲಿಂಕನ್ ಉತ್ತರಿಸುತ್ತ, ಕರಿಯರಿಗೆ ಮತಾಧಿಕಾರವಾಗಲಿ, ಸಾಮಾಜಿಕ ಸಮಾನತೆಯಾಗಲಿ ಕೊಡಬೇಕೆಂಬುದು ತನ್ನ ಮತವಲ್ಲವೆಂದು ಬಿಡಿಸಿ ಹೇಳಿದನು. ಜನರು ಚಪ್ಪಾಳೆ ತಟ್ಟಿದರು. ತನ್ನ ಕೈ ದುಡಿದು ಗಳಿಸಿದ ಅನ್ನವನ್ನು ತಾನೇ ಉಣ್ಣುವ ಹಕ್ಕಿನಲ್ಲಿ ಕರಿಯನು ಎಲ್ಲರಿಗೂ ಸಮಾನನೆಂದು ಆಟವಾದಲ್ಲಿ ಹೇಳಿದವನೂ ಅವನೇ. ಎರಡೂ ನಿಜ; ಒಂದನ್ನು ಮುಚ್ಚಿ ಇನ್ನೊಂದನ್ನು ಹೇಳಬಾರದು.

ಇದರಲ್ಲಿ ನನ್ನನ್ನು ಕಾಡುವುದು ಬೇರೆ. ಏಳೂ ಸಭೆಗಳಲ್ಲಿ ತೀರ್ಮಾನ ಹೇಳಬೇಕಾದವರು ಬಿಳಿಯ ಗಂಡಸರು. ಹೆಂಗಸರು ಬಂದು ಕೇಳಿದರು, ಮೆರವಣಿಗೆಗಳಲ್ಲಿ ಬಿಳಿಯ ಉಡುಪು ತೊಟ್ಟು ನಡೆದರು, ಮತವಿರಲಿಲ್ಲ. ಕರಿಯರು ಹೊಸದಾಗಿ ಬಂದು ನೆಲೆಸುವುದನ್ನೇ ಇಲಿನಾಯಿನ ೧೮೫೩ರ ಕಾನೂನು ನಿಷೇಧಿಸಿತ್ತು. ದೇಶದಲ್ಲಿ ಆಗ ಗುಲಾಮರಾಗಿದ್ದವರು ಸುಮಾರು ನಲವತ್ತು ಲಕ್ಷ. ಅವರ ಬಾಳನ್ನು ಕುರಿತ ಇಪ್ಪತ್ತೊಂದು ಗಂಟೆಗಳ ವಾದದಲ್ಲಿ ಅವರದು ಒಂದು ನಿಮಿಷವೂ ಇಲ್ಲ. ನಷ್ಟ ಬೇರೆಯವರದಾಗಿದ್ದಾಗ ಸಭ್ಯತೆಯಿಂದ ವಾದಿಸುವುದು ಅಷ್ಟು ಕಷ್ಟವಲ್ಲ ಎಂದು ಒಬ್ಬ ಹುಡುಗ ಒಮ್ಮೆ ನನಗೆ ಹೇಳಿದನು. ನಾನು ಉತ್ತರ ಹುಡುಕುತ್ತಿರುವಾಗಲೇ ಗಂಟೆ ಬಾರಿಸಿತು. ಇಂದು ಕೇಳಿದರೆ ಅವನಿಗೆ ಆಲ್ಟನ್ನಿನ ಕಥೆಯನ್ನು ಹೇಳುತ್ತಿದ್ದೆ.

ಏಳನೆಯ ಸಭೆ ಅಕ್ಟೋಬರ್ ೧೫ರಂದು, ಮಿಸಿಸಿಪಿ ನದಿಯ ದಡದ ಆಲ್ಟನ್ನಿನಲ್ಲಿ. ನದಿಯ ಆಚೆಯ ದಡ ಮಿಸೌರಿ, ಗುಲಾಮಗಿರಿಯ ಸಂಸ್ಥಾನ. ಈ ಊರಿನಲ್ಲಿ ೧೮೩೭ರ ನವೆಂಬರ್ ೭ರ ರಾತ್ರಿ ಎಲೈಜಾ ಲವ್‌ಜಾಯ್ ಎಂಬ ಪತ್ರಿಕಾ ಸಂಪಾದಕನನ್ನು ಗುಂಪೊಂದು ಗುಂಡಿಕ್ಕಿ ಕೊಂದಿತ್ತು. ಅವನ ಅಪರಾಧ, ಗುಲಾಮಗಿರಿಯ ವಿರುದ್ಧ ಬರೆದುದು. ಅದಕ್ಕೆ ಮುಂಚೆಯೇ ಅವನ ಮೂರು ಮುದ್ರಣಯಂತ್ರಗಳನ್ನು ಹಾಳುಗೆಡವಿದ್ದರು. ನಾಲ್ಕನೆಯದನ್ನು ಕಾಯುತ್ತಿರುವಾಗ ಅವನು ಸತ್ತನು. ಆ ಯಂತ್ರವನ್ನೂ ಒಡೆದು ನದಿಗೆ ಎಸೆದರು. ಕೊಂದವರಿಗೆ ಶಿಕ್ಷೆಯಾಗಲಿಲ್ಲ. ಈಗ ಇಪ್ಪತ್ತೊಂದು ವರ್ಷಗಳಾಗಿವೆ. ಕ್ವಿನ್ಸಿಯಿಂದ ಒಂದೇ ಆವಿದೋಣಿಯಲ್ಲಿ ಇಬ್ಬರೂ ಅಭ್ಯರ್ಥಿಗಳು ಬಂದಿಳಿದರು. ಐದಾರು ಸಾವಿರ ಜನ ಪುರಭವನದ ಮುಂದೆ ಸೇರಿದರು. ಸೇಂಟ್ ಲೂಯಿಯ ಕಡೆಯಿಂದಲೂ ದೋಣಿ ಹತ್ತಿ ಬಂದವರಿದ್ದರು. ಆ ಗುಂಪಿನ ನಡುವಯಸ್ಸಿನವರಿಗೆ ೧೮೩೭ರ ಆ ರಾತ್ರಿ ಚೆನ್ನಾಗಿ ನೆನಪಿದ್ದಿರಬೇಕು. ಅಂದು ದೊಂಬಿಯಲ್ಲಿದ್ದವರೇ ಯಾರಾದರೂ ಅಲ್ಲಿ ನಿಂತಿದ್ದರೂ ಆಶ್ಚರ್ಯವಿಲ್ಲ. ಅವರ ಮುಂದೆ ಲಿಂಕನ್ ನಿಂತು, ಇದು ಸರಿ ತಪ್ಪುಗಳ ನಡುವಣ ಅನಾದಿ ಹೋರಾಟ, ಒಬ್ಬನು ದುಡಿದದ್ದನ್ನು ಇನ್ನೊಬ್ಬನು ಉಣ್ಣುವುದು ಅರಸನ ಬಾಯಿಂದ ಬಂದರೂ ಒಂದೇ, ಗುಲಾಮರ ಒಡೆಯನ ಬಾಯಿಂದ ಬಂದರೂ ಒಂದೇ, ಎಂಬ ಭಾವದ ಮಾತುಗಳನ್ನಾಡಿದನು. ಲವ್‌ಜಾಯ್ ಬರೆದುದಕ್ಕಿಂತ ಇದೇನೂ ಮೆತ್ತಗಿನ ಮಾತಲ್ಲ. ಯಾರೂ ಕಲ್ಲೆತ್ತಲಿಲ್ಲ. ಗಂಟಲು ಒಡೆದುಹೋಗಿದ್ದ ಡಗ್ಲಾಸನು ಎದ್ದು ತನ್ನ ಅರ್ಧ ಗಂಟೆಯನ್ನು ಮುಗಿಸಿದನು. ಜನರು ವಾದಿಸುತ್ತ ದೋಣಿಗಳ ಕಡೆಗೆ, ರೈಲಿನ ಕಡೆಗೆ ನಡೆದರು.

ನವೆಂಬರ್ ೨ರಂದು ಮತದಾನ. ಒಟ್ಟು ಮತಗಳಲ್ಲಿ ಲಿಂಕನ್ನನ ಪಕ್ಷದವರಿಗೆ ಸ್ವಲ್ಪ ಹೆಚ್ಚೇ ಬಿದ್ದರೂ, ಕ್ಷೇತ್ರಗಳ ಹಂಚಿಕೆ ಹಳೆಯ ಜನಗಣತಿಯದಾದ್ದರಿಂದ ಶಾಸನಸಭೆಯಲ್ಲಿ ಬಹುಮತ ಡಗ್ಲಾಸನ ಪಕ್ಷಕ್ಕೆ ಬಂದಿತು. ೧೮೫೯ರ ಜನವರಿಯಲ್ಲಿ ಅವನು ೫೪ಕ್ಕೆ ೪೬ ಮತಗಳಿಂದ ಆರಿಸಿಬಂದನು. ಲಿಂಕನ್ನನಿಗೆ ಅಧ್ಯಕ್ಷ ಪದವಿ ದೊರೆತುದು ೧೮೬೦ರಲ್ಲಿ; ಸೋತವರಲ್ಲಿ ಡಗ್ಲಾಸನೂ ಒಬ್ಬ.

ದಕ್ಷಿಣದವರು ಆ ಫಲಿತಾಂಶವನ್ನು ಒಪ್ಪಲಿಲ್ಲ. ೧೮೬೧ರ ಏಪ್ರಿಲಿನಲ್ಲಿ ಯುದ್ಧ ಆರಂಭವಾಯಿತು. ಏಪ್ರಿಲ್ ೧೪ರ ಸಂಜೆ ಡಗ್ಲಾಸನು ಲಿಂಕನ್ನನನ್ನು ಕಂಡು, ದೇಶವನ್ನು ಉಳಿಸುವ ಕಾರ್ಯದಲ್ಲಿ ತನ್ನ ಬೆಂಬಲವಿದೆಯೆಂದು ತಿಳಿಸಿದನು. ಅನಂತರ ಇಲಿನಾಯಿಗೆ ಹಿಂತಿರುಗಿ, ಸ್ಪ್ರಿಂಗ್‌ಫೀಲ್ಡಿನ ಶಾಸನಸಭೆಯಲ್ಲಿ ನಿಂತು ತನ್ನ ಪಕ್ಷದವರಿಗೆ ಅದನ್ನೇ ಹೇಳಿದನು. ದಕ್ಷಿಣ ಇಲಿನಾಯಿನಿಂದ ಆರಿಸಿಬಂದಿದ್ದ ಅವನ ಬೆಂಬಲಿಗ ಜಾನ್ ಲೋಗನ್ ಮುಂದೆ ಲಿಂಕನ್ನನ ಸೈನ್ಯದಲ್ಲಿ ಸೇನಾಪತಿಯಾದನು. ಆ ಸಂಸ್ಥಾನದಿಂದ ಸೈನ್ಯಕ್ಕೆ ಹೋದವರು ಎರಡೂವರೆ ಲಕ್ಷಕ್ಕೂ ಮೇಲೆ. ಅವರಲ್ಲಿ ಆಟವಾದ ಬಿಸಿಲಿನಲ್ಲಿ ಅಪ್ಪನ ಪಕ್ಕ ನಿಂತು ಡಗ್ಲಾಸನಿಗೆ ಜಯಕಾರ ಹಾಕಿದ ಹುಡುಗರೂ ಎಷ್ಟೋ ಮಂದಿ ಇದ್ದಿರಬೇಕು. ಡಗ್ಲಾಸನು ಅದನ್ನು ನೋಡಲು ಉಳಿಯಲಿಲ್ಲ. ೧೮೬೧ರ ಜೂನ್ ೩ರಂದು ಷಿಕಾಗೊದಲ್ಲಿ ತೀರಿಕೊಂಡನು. ಅವನಿಗಾಗ ನಲವತ್ತೆಂಟು ವರ್ಷ.